ಪೆಟ್ರೋಲ್‌ನಿಂದ ಸಿಎನ್‌ಜಿಗೆ ಬದಲಾದಾಗ ಗಾಡಿ ಜರ್ಕ್ ಹೊಡೆದರೆ: ನಾನು ಹುಡುಕುವ ಕ್ರಮ

ಸಿಎನ್‌ಜಿ ಕಿಟ್ ಹಾಕಿಸಿದ ಕಾರು ತೊಂದರೆ ಕೊಟ್ಟರೆ ಎಲ್ಲರ ಕಣ್ಣೂ ಮೊದಲು ಕಿಟ್ ಮೇಲೇ ಬೀಳುತ್ತದೆ. ಟ್ಯೂನಿಂಗ್ ಮಾಡಿಸಿ, ರೆಡ್ಯೂಸರ್ (ಗ್ಯಾಸ್ ಒತ್ತಡ ಇಳಿಸುವ ಭಾಗ) ಬದಲಿಸಿ ಎಂಬ ಸಲಹೆ ತಕ್ಷಣ ಬರುತ್ತದೆ. ನಾನು ಕೆಲಸದಲ್ಲಿ ಕಂಡುಕೊಂಡಿದ್ದು ಬೇರೆ. ಹೆಚ್ಚಿನ ದೂರುಗಳ ಮೂಲ ಪ್ಲಗ್, ಅದಕ್ಕೆ ಕಿಡಿಯ ವೋಲ್ಟೇಜ್ ಕೊಡುವ ಕಾಯಿಲ್ ಅಥವಾ ಪೆಟ್ರೋಲ್ ಕಡೆ ಇರುತ್ತದೆ. ಪೆಟ್ರೋಲ್‌ನಲ್ಲಿ ಓಡುವಾಗ ಅದು ಗೊತ್ತಾಗುವುದಿಲ್ಲ, ಗ್ಯಾಸ್‌ಗೆ ಬಂದ ಕೂಡಲೇ ಹೊರಬೀಳುತ್ತದೆ. ಹಾಗಾಗಿ ಪೆಟ್ರೋಲ್‌ನಲ್ಲಿ ಎಂಜಿನ್ ಸರಿಯಾಗುವ ತನಕ ನಾನು ಗ್ಯಾಸ್ ಮ್ಯಾಪ್ (ಎಲ್ಲಿ ಎಷ್ಟು ಗ್ಯಾಸ್ ಹಾಕಬೇಕು ಎಂಬ ಕಿಟ್‌ನ ಲೆಕ್ಕದ ಪಟ್ಟಿ) ಮುಟ್ಟುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಎಂಪಿಎಫ್‌ಐ ಕಾರುಗಳಿಗೆ (ಪ್ರತಿ ಸಿಲಿಂಡರ್‌ಗೂ ಒಂದು ಪೆಟ್ರೋಲ್ ಇಂಜೆಕ್ಟರ್ ಇರುವಂಥವು) ಹೊರಗಡೆ ಹಾಕಿಸುವ ಸೀಕ್ವೆನ್ಷಿಯಲ್ ಕಿಟ್ (ಪ್ರತಿ ಸಿಲಿಂಡರ್‌ಗೂ ಬೇರೆ ಗ್ಯಾಸ್ ಇಂಜೆಕ್ಟರ್ ಇರುವುದು) ಬಗ್ಗೆ. ಈ ಕಿಟ್‌ನ ಇಸಿಯು (ನಿಯಂತ್ರಣ ಕಂಪ್ಯೂಟರ್) ಸ್ವಂತವಾಗಿ ಲೆಕ್ಕ ಹಾಕುವುದು ಕಡಿಮೆ. ಕಾರಿನ ಇಸಿಯು ಪೆಟ್ರೋಲ್ ಇಂಜೆಕ್ಟರ್ ಅನ್ನು ಎಷ್ಟು ಮಿಲಿಸೆಕೆಂಡ್ ತೆರೆಯಲು ಹೇಳುತ್ತದೋ ಅದನ್ನು ಓದಿ, ಒಂದು ಗುಣಕದಿಂದ ಹೆಚ್ಚಿಸಿ, ಅಷ್ಟು ಹೊತ್ತು ಗ್ಯಾಸ್ ಇಂಜೆಕ್ಟರ್ ತೆರೆಯುತ್ತದೆ. ಗ್ಯಾಸ್ ಒತ್ತಡ, ಗ್ಯಾಸ್ ಬಿಸಿ, ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒತ್ತಡ ನೋಡಿಕೊಂಡು ಸ್ವಲ್ಪ ತಿದ್ದುತ್ತದೆ, ಅಷ್ಟೆ. ಇದರಿಂದ ಎರಡು ಪರಿಣಾಮ. ಪೆಟ್ರೋಲ್ ಲೆಕ್ಕದಲ್ಲಿರುವ ತಪ್ಪು ಗ್ಯಾಸ್‌ಗೂ ದಾಟುತ್ತದೆ. ಗ್ಯಾಸ್ ಮ್ಯಾಪ್ ಕೆಟ್ಟಿದ್ದರೆ ಆಕ್ಸಿಜನ್ ಸೆನ್ಸರ್ ಮೂಲಕ ಆ ತಪ್ಪನ್ನು ಕಾರಿನ ಇಸಿಯು ತನ್ನ ಲಾಂಗ್ ಟರ್ಮ್ ಟ್ರಿಮ್‌ನಲ್ಲಿ (ಇಂಧನದ ಲೆಕ್ಕಕ್ಕೆ ಮಾಡಿ ನೆನಪಿಟ್ಟುಕೊಳ್ಳುವ ತಿದ್ದುಪಡಿ) ಕಲಿತುಬಿಡುತ್ತದೆ. ತಿಂಗಳುಗಟ್ಟಲೆ ಗ್ಯಾಸ್‌ನಲ್ಲೇ ಓಡಿದ ಗಾಡಿಯನ್ನು ಒಂದು ದಿನ ಪೆಟ್ರೋಲ್‌ಗೆ ಹಾಕಿದಾಗ ಜರ್ಕ್ ಹೊಡೆದು ಚೆಕ್ ಎಂಜಿನ್ ಲೈಟ್ ಬರುವುದು ಇದರಿಂದಲೇ. ಆಗ ಪೆಟ್ರೋಲ್ ಪಂಪ್, ಇಂಜೆಕ್ಟರ್ ಎಲ್ಲ ಬಿಚ್ಚಿದರೂ ಏನೂ ಸಿಗುವುದಿಲ್ಲ.

ಗಾಡಿ ಬಂದ ಕೂಡಲೇ ಕೇಳಿ ತಿಳಿಯಬೇಕಾದ್ದು: ತೊಂದರೆ ಗ್ಯಾಸ್‌ನಲ್ಲಿ ಮಾತ್ರವೇ, ಪೆಟ್ರೋಲ್‌ನಲ್ಲಿ ಮಾತ್ರವೇ, ಎರಡರಲ್ಲೂ ಇದೆಯೇ, ಬದಲಾಗುವ ಕ್ಷಣದಲ್ಲಿ ಮಾತ್ರವೇ? ತಣ್ಣಗಿದ್ದಾಗಲೋ ಬಿಸಿಯಾದಾಗಲೋ? ಐಡಲ್‌ನಲ್ಲೋ ಏರಿನಲ್ಲೋ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಕೈಯಲ್ಲಿ ಲೈವ್ ಡೇಟಾ ತೋರಿಸುವ ಒಬಿಡಿ ಸ್ಕ್ಯಾನರ್ ಇರಬೇಕು, ಫೋನಿಗೆ ಜೋಡಿಸುವ ಬ್ಲೂಟೂತ್‌ನದ್ದಾದರೂ ಸಾಕು. ಜೊತೆಗೆ ಪ್ಲಗ್ ಗ್ಯಾಪ್ ಗೇಜ್, ಸೋಪ್ ನೀರು.

ಮೊದಲು ಪೆಟ್ರೋಲ್‌ನಲ್ಲೇ ಟ್ರಿಮ್ ನೋಡುತ್ತೇನೆ. ಟ್ರಿಮ್ ಅಂದರೆ ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಇಂಧನ ಹಾಕುತ್ತಿದೆ ಎಂಬ ಅಂಕಿ. ಕೂಲೆಂಟ್ 85 ಡಿಗ್ರಿ ದಾಟಿರಬೇಕು, ಎಸಿ ಆಫ್ ಇರಬೇಕು. ಐಡಲ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ, ಶಾರ್ಟ್ ಟರ್ಮ್ (ಆ ಕ್ಷಣದ ತಿದ್ದುಪಡಿ) ಮತ್ತು ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ ಬರೆದುಕೊಳ್ಳಿ. ಮೊತ್ತ ಪ್ಲಸ್ 5ರಿಂದ ಮೈನಸ್ 5ರ ಒಳಗಿದ್ದರೆ ಒಳ್ಳೆಯದು, 10 ದಾಟಿದರೆ ಪೆಟ್ರೋಲ್ ಕಡೆ ಕೆಲಸವಿದೆ. ಐಡಲ್‌ನಲ್ಲಿ ಪ್ಲಸ್ ಜಾಸ್ತಿ ಇದ್ದು ಆರ್‌ಪಿಎಂ ಏರಿಸಿದಾಗ ಇಳಿದರೆ ಎಲ್ಲೋ ವ್ಯಾಕ್ಯೂಮ್ ಲೀಕ್ ಇದೆ. ಕಿಟ್ ಹಾಕುವಾಗ ಮ್ಯಾನಿಫೋಲ್ಡ್‌ಗೆ ಡ್ರಿಲ್ ಮಾಡಿ ಕೂರಿಸಿದ ನಾಝಲ್‌ಗಳ ಬುಡವನ್ನೇ ಮೊದಲು ನೋಡಿ. ಐಡಲ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಾಗ ಪ್ಲಸ್ ಏರಿದರೆ ಪಂಪ್ ಒತ್ತಡ, ಫಿಲ್ಟರ್, ಕಟ್ಟಿಕೊಂಡ ಇಂಜೆಕ್ಟರ್ ಕಡೆ ಹೋಗಿ.

ಈಗ ಬಂಕ್‌ಗಳಲ್ಲಿ ಸಿಗುತ್ತಿರುವುದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಇಲ್ಲದ ಪೆಟ್ರೋಲ್‌ಗೆ ಗಾಳಿ-ಇಂಧನ ಅನುಪಾತ 14.7 ಇದ್ದರೆ ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಅಂದರೆ ಹಳೆಯ ಲೆಕ್ಕಕ್ಕೆ ಟ್ಯೂನ್ ಆದ ಎಂಜಿನ್ ಇ10ಕ್ಕಿಂತ ಶೇಕಡಾ 4ರಷ್ಟು ಹೆಚ್ಚು ಇಂಧನ ಕೇಳುತ್ತದೆ. ಹಳೆಯ ಕಾರಿನಲ್ಲಿ ಟ್ರಿಮ್ ಪ್ಲಸ್ 4, 5 ಕಂಡರೆ ಅದನ್ನು ರೋಗ ಅಂದುಕೊಂಡು ಏನನ್ನೂ ಬಿಚ್ಚಬೇಡಿ.

ಪೆಟ್ರೋಲ್‌ನಲ್ಲಿ ಟ್ರಿಮ್ ಮೈನಸ್ 12, 15ರ ಕಡೆ ಇದ್ದರೆ ಒಂದು ಪರೀಕ್ಷೆ ಮಾಡುತ್ತೇನೆ, ಇದನ್ನು ಬಹಳ ಕಡಿಮೆ ಜನ ಮಾಡುತ್ತಾರೆ. ಡಿಕ್ಕಿಯಲ್ಲಿರುವ ಸಿಲಿಂಡರ್ ವಾಲ್ವ್ ಅನ್ನು ಕೈಯಿಂದ ಪೂರ್ತಿ ಮುಚ್ಚಿ, ಗ್ಯಾಸ್‌ನಲ್ಲೇ ಎಂಜಿನ್ ಓಡಿಸಿ. ಪೈಪಿನಲ್ಲಿ ಉಳಿದ ಗ್ಯಾಸ್ ಖಾಲಿಯಾಗಿ ಅದು ತಾನಾಗಿಯೇ ಪೆಟ್ರೋಲ್‌ಗೆ ಬರುತ್ತದೆ. ಹತ್ತು ನಿಮಿಷ ಬಿಟ್ಟು ಟ್ರಿಮ್ ನೋಡಿ. ಅದು ಸೊನ್ನೆಯ ಕಡೆ ಬಂದಿದ್ದರೆ ರೆಡ್ಯೂಸರ್‌ನ ಸೊಲೆನಾಯ್ಡ್ (ವಿದ್ಯುತ್ ವಾಲ್ವ್) ಸರಿಯಾಗಿ ಮುಚ್ಚುತ್ತಿಲ್ಲ, ಗ್ಯಾಸ್ ಇಂಜೆಕ್ಟರ್ ಕೂಡ ಸೋರುತ್ತಿದೆ, ಪೆಟ್ರೋಲ್ ಜೊತೆಗೆ ಗ್ಯಾಸ್ ಸಹ ಒಳಗೆ ಹೋಗುತ್ತಿತ್ತು ಎಂದರ್ಥ. ಬಿಸಿ ಎಂಜಿನ್ ಆಫ್ ಮಾಡಿ ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದಾಗ ತುಂಬಾ ಹೊತ್ತು ಕ್ರ್ಯಾಂಕ್ ಆಗುವ ದೂರು ಇದರ ಜೊತೆಗೇ ಬರುತ್ತದೆ.

ಗ್ಯಾಸ್‌ನಲ್ಲಿ ಮಾತ್ರ, ಅದರಲ್ಲೂ ಏರಿನಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಿಸ್ಸಿಂಗ್ ಬಂದರೆ ಹೆಚ್ಚಾಗಿ ಅದು ಕಿಡಿಯ ಸಮಸ್ಯೆ. ಸಿಎನ್‌ಜಿ ಮಿಶ್ರಣಕ್ಕೆ ಕಿಡಿ ಹಾರಿಸಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು, ಲೋಡ್ ಬಿದ್ದು ಎಂಜಿನ್ ಸಿಲಿಂಡರ್ ಒಳಗಿನ ಒತ್ತಡ ಏರಿದಷ್ಟೂ ಇನ್ನೂ ಜಾಸ್ತಿ ಬೇಕು. ಪೆಟ್ರೋಲ್ ಕಾರಿನ ಪ್ಲಗ್ ಗ್ಯಾಪ್ 1.0 ಅಥವಾ 1.1 ಮಿಲಿಮೀಟರ್ ಇದ್ದರೆ ನಾನು 0.7ರಿಂದ 0.8ಕ್ಕೆ ಇಳಿಸುತ್ತೇನೆ. ಇರಿಡಿಯಂ ಪ್ಲಗ್ ಆದರೆ ತಂತಿ ಗೇಜ್‌ನಿಂದ ಅಳೆದು, ಮೇಲಿನ ಕೊಕ್ಕೆಯನ್ನು ಮಾತ್ರ ಬಗ್ಗಿಸಿ. ನಡುವಿನ ಸಣ್ಣ ಮೊನೆಗೆ ಏನನ್ನೂ ತಾಗಿಸಬೇಡಿ, ಒಂದು ಸಲ ಮುರಿದರೆ ಪ್ಲಗ್ ಎಸೆಯಬೇಕು. ಪ್ಲಗ್ ಹೊರತೆಗೆದಾಗ ಬಿಳಿ ಪಿಂಗಾಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಮೇಲಿಂದ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಂತೆ ತೆಳ್ಳಗೆ ಬೂದು ಗೆರೆ ಕಂಡರೆ ಕಿಡಿ ಒಳಗೆ ಹಾರುವ ಬದಲು ಹೊರಗಿನಿಂದ ಬಾಡಿಗೆ ಇಳಿಯುತ್ತಿದೆ. ಆಗ ಹೊಸ ಪ್ಲಗ್ ಜೊತೆಗೆ ಕಾಯಿಲ್‌ನ ರಬ್ಬರ್ ಬೂಟ್ ಕೂಡ ಬದಲಿಸಬೇಕು, ಏಕೆಂದರೆ ಅದೇ ಗೆರೆ ಬೂಟಿನ ಒಳಗೋಡೆಯಲ್ಲೂ ಸುಟ್ಟಿರುತ್ತದೆ. ಸ್ಕ್ಯಾನರ್‌ನಲ್ಲಿ ಪಿ0301ರಿಂದ ಪಿ0304ರ ತನಕದ ಕೋಡ್ (1ರಿಂದ 4ನೇ ಸಿಲಿಂಡರ್‌ನಲ್ಲಿ ಮಿಸ್ಸಿಂಗ್) ಇದ್ದರೆ ಆ ಸಿಲಿಂಡರ್‌ನ ಕಾಯಿಲ್ ಅನ್ನು ಪಕ್ಕದ್ದಕ್ಕೆ ಬದಲಾಯಿಸಿ ಓಡಿಸಿ. ಕೋಡ್ ಕಾಯಿಲ್ ಜೊತೆಗೆ ಹೋದರೆ ಕಾಯಿಲ್ ಹೋಗಿದೆ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕಿಟ್ ಕಡೆ ಬರುತ್ತೇನೆ. ಗ್ಯಾಸ್ ತುಂಬಿಸಿದಾಗ ಡಿಕ್ಕಿಯ ಸಿಲಿಂಡರ್‌ನ ಒತ್ತಡ ಸುಮಾರು 200 ಬಾರ್, ರೆಡ್ಯೂಸರ್ ಅದನ್ನು 2 ಬಾರ್ ಆಸುಪಾಸಿಗೆ ಇಳಿಸುತ್ತದೆ. ಇಷ್ಟು ಇಳಿಯುವಾಗ ಗ್ಯಾಸ್ ಕೊರೆಯುವಷ್ಟು ತಣ್ಣಗಾಗುತ್ತದೆ, ಅದಕ್ಕೇ ಎಂಜಿನ್‌ನ ಬಿಸಿ ಕೂಲೆಂಟ್ ಅನ್ನು ರೆಡ್ಯೂಸರ್ ಮೂಲಕ ಹಾಯಿಸಿರುತ್ತಾರೆ. ಹೈವೇಯಲ್ಲಿ ವೇಗವಾಗಿ ಹೋಗುವಾಗ ಸ್ವಲ್ಪ ಹೊತ್ತಿಗೆ ತಾನಾಗಿಯೇ ಪೆಟ್ರೋಲ್‌ಗೆ ಬೀಳುತ್ತದೆ, ನಿಲ್ಲಿಸಿ ಬಾನೆಟ್ ತೆಗೆದರೆ ರೆಡ್ಯೂಸರ್ ಮೇಲೆ ಮಂಜು ಕಟ್ಟಿದೆ ಅಂದರೆ ಕೂಲೆಂಟ್ ಹರಿಯುತ್ತಿಲ್ಲ. ರೆಡ್ಯೂಸರ್‌ನ ಎರಡೂ ಹೋಸ್ ಕೈಗೆ ಬಿಸಿ ತಾಗಬೇಕು. ಕೂಲೆಂಟ್ ಬದಲಿಸಿದ ಮೇಲೆ ಈ ತೊಂದರೆ ಶುರುವಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ, ಬ್ಲೀಡ್ ಮಾಡಬೇಕು. ಥರ್ಮೋಸ್ಟಾಟ್ ತೆಗೆದು ಬಿಟ್ಟಿರುವ ಕಾರಿನಲ್ಲಿ ಎಂಜಿನ್ ಬೇಗ ಬಿಸಿಯಾಗುವುದೇ ಇಲ್ಲ, ಗ್ಯಾಸ್‌ಗೆ ಬದಲಾಗುವುದು ತಡವಾಗುತ್ತದೆ. ಹೊಸ ಥರ್ಮೋಸ್ಟಾಟ್ ಹಾಕುವುದೇ ಇದಕ್ಕೆ ದಾರಿ.

ಬದಲಾಗುವ ಕ್ಷಣದಲ್ಲಿ ಮಾತ್ರ ಜರ್ಕ್ ಇದ್ದರೆ ಕಿಟ್ ಸಾಫ್ಟ್‌ವೇರ್‌ನಲ್ಲಿ ಬದಲಾವಣೆಯ ತಾಪಮಾನ ನೋಡಿ. ಬೇಗ ಗ್ಯಾಸ್‌ಗೆ ಬರಲಿ ಎಂದು ಕೆಲವರು 20 ಡಿಗ್ರಿಗೆ ಇಳಿಸಿರುತ್ತಾರೆ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆಗೆ ಅದು ಏನೇನೂ ಸಾಲದು. 40 ಡಿಗ್ರಿಗೆ ಇಟ್ಟರೆ ಎಷ್ಟೋ ಜರ್ಕ್ ಅಲ್ಲಿಗೇ ನಿಲ್ಲುತ್ತದೆ. ಎಲ್ಲ ಸಿಲಿಂಡರ್ ಒಟ್ಟಿಗೆ ಬದಲಾಗುವ ಬದಲು ಒಂದೊಂದಾಗಿ ಬದಲಾಗುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ.

ಬೆಳಗ್ಗೆ ಗ್ಯಾಸ್‌ಗೆ ಬಂದ ಮೊದಲ ಕೆಲವು ನಿಮಿಷ ಮಾತ್ರ ಐಡಲ್ ನಡುಗಿ ಆಮೇಲೆ ಸರಿಹೋದರೆ ಗ್ಯಾಸ್ ಇಂಜೆಕ್ಟರ್ ಅಂಟುತ್ತಿದೆ. ಬಂಕ್‌ನ ಕಂಪ್ರೆಸರ್ ಎಣ್ಣೆ ಸ್ವಲ್ಪ ಸ್ವಲ್ಪವೇ ಗ್ಯಾಸ್ ಜೊತೆ ಬಂದು ಫಿಲ್ಟರ್‌ನಲ್ಲೂ ಗ್ಯಾಸ್ ಇಂಜೆಕ್ಟರ್‌ಗಳನ್ನು ಕೂರಿಸಿರುವ ರೈಲ್‌ನಲ್ಲೂ ಸೇರುತ್ತದೆ. ರೆಡ್ಯೂಸರ್ ಮತ್ತು ರೈಲ್ ನಡುವಿನ ಕಡಿಮೆ ಒತ್ತಡದ ಫಿಲ್ಟರ್ ಅನ್ನು 10ರಿಂದ 15 ಸಾವಿರ ಕಿಲೋಮೀಟರ್‌ಗೆ ಬದಲಿಸಿದರೆ ರೈಲ್ ತುಂಬಾ ದಿನ ಬಾಳುತ್ತದೆ. ರೈಲ್ ಬಿಚ್ಚಿ ಕೂರಿಸಿದ ಮೇಲೆ 1ನೇ ಗ್ಯಾಸ್ ಇಂಜೆಕ್ಟರ್‌ನ ಹೋಸ್ 1ನೇ ಸಿಲಿಂಡರ್‌ಗೇ, ಹೀಗೆ ಪ್ರತಿಯೊಂದೂ ತನ್ನ ಸಿಲಿಂಡರ್‌ಗೇ ಹೋಗಿದೆಯೇ ನೋಡಿಕೊಳ್ಳಿ. ಅದಲುಬದಲಾದರೂ ಗಾಡಿ ಓಡುತ್ತದೆ, ಆದರೆ ಪಿಕಪ್ ಇರುವುದಿಲ್ಲ.

ಎರಡೂ ಇಂಧನದಲ್ಲಿ ಐಡಲ್ ಮಿಸ್ಸಿಂಗ್ ಇದ್ದು, ಪ್ಲಗ್, ಕಾಯಿಲ್ ಸರಿಯಿದ್ದರೆ ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ನೋಡಿ. ಸಿಎನ್‌ಜಿಯಂಥ ಒಣ ಇಂಧನದಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟ್ ಸವೆದು ವಾಲ್ವ್ ಮೇಲಕ್ಕೆ ಬರುತ್ತದೆ, ಹೀಗಾಗಿ ಕ್ಲಿಯರೆನ್ಸ್ ಜಾಸ್ತಿಯಾಗುವ ಬದಲು ಕಡಿಮೆಯಾಗುತ್ತದೆ. ಶಬ್ದವೇ ಬರದ ಕಾರಣ ಯಾರಿಗೂ ಅನುಮಾನ ಬರುವುದಿಲ್ಲ. ಕಂಪ್ರೆಷನ್ ಟೆಸ್ಟ್‌ನಲ್ಲಿ ಒಂದು ಸಿಲಿಂಡರ್ ಕಡಿಮೆ ತೋರಿಸುತ್ತದೆ.

ಗ್ಯಾಸ್‌ನಲ್ಲೇ ಓಡಿಸುವವರಿಗೆ ಒಂದು ಮಾತು: ಪೆಟ್ರೋಲ್ ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಹೊರಗಡೆ ಹಾಕಿಸಿದ ಹೆಚ್ಚಿನ ಕಿಟ್‌ಗಳಲ್ಲಿ ಗ್ಯಾಸ್‌ನಲ್ಲಿದ್ದಾಗಲೂ ಪೆಟ್ರೋಲ್ ಪಂಪ್ ತಿರುಗುತ್ತಲೇ ಇರುತ್ತದೆ, ಅದನ್ನು ತಣ್ಣಗಿಡುವುದು ಟ್ಯಾಂಕ್‌ನ ಪೆಟ್ರೋಲೇ. ಎಥನಾಲ್ ತೇವ ಎಳೆದುಕೊಳ್ಳುವುದರಿಂದ ಇ20 ಪೆಟ್ರೋಲ್ ಅನ್ನು ತಿಂಗಳುಗಟ್ಟಲೆ ಹಾಗೇ ಇಡುವುದು ಒಳ್ಳೆಯದಲ್ಲ. ವಾರಕ್ಕೆ ಒಂದೆರಡು ಸಲವಾದರೂ ಹತ್ತು ಕಿಲೋಮೀಟರ್ ಪೆಟ್ರೋಲ್‌ನಲ್ಲಿ ಓಡಿಸಿ.

ಗ್ಯಾಸ್ ಪೈಪ್ ಸಡಿಲಿಸುವ ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ, ಲೈನ್ ಖಾಲಿಯಾಗುವ ತನಕ ಎಂಜಿನ್ ಓಡಿಸಬೇಕು. ಕೂರಿಸಿದ ಮೇಲೆ ಪ್ರತಿ ಜಾಯಿಂಟ್‌ಗೂ ಸೋಪ್ ನೀರು ಹಾಕಿ. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಕಡ್ಡಾಯ, ಪ್ಲೇಟ್ ಮೇಲಿನ ದಿನಾಂಕ ಮುಗಿದಿದ್ದರೆ ಬೇರೆ ಕೆಲಸಕ್ಕಿಂತ ಮೊದಲು ಅದು ಆಗಬೇಕು.

ಕೊನೆಗೆ ಮ್ಯಾಪ್. ಹಳೆಯ ಮ್ಯಾಪ್ ಫೈಲ್ ಲ್ಯಾಪ್‌ಟಾಪ್‌ಗೆ ಸೇವ್ ಮಾಡಿಕೊಳ್ಳಿ. ಸ್ಕ್ಯಾನರ್‌ನಿಂದ ಕಾರಿನ ಟ್ರಿಮ್ ರೀಸೆಟ್ ಮಾಡಿ, ಅರ್ಧ ಗಂಟೆ ಬರೀ ಪೆಟ್ರೋಲ್‌ನಲ್ಲಿ ಊರೊಳಗೂ ಹೈವೇಯಲ್ಲೂ ಓಡಿಸಿ, ಇಸಿಯು ಹೊಸದಾಗಿ ಕಲಿಯಲಿ. ಆಮೇಲೆ ಬಿಸಿ ಎಂಜಿನ್‌ನಲ್ಲಿ, ಒಂದೇ ಗೇರ್, ಒಂದೇ ವೇಗದಲ್ಲಿ ಪೆಟ್ರೋಲ್‌ನಿಂದ ಗ್ಯಾಸ್‌ಗೆ ಬದಲಿಸಿ ಪೆಟ್ರೋಲ್ ಇಂಜೆಕ್ಷನ್ ಸಮಯ ನೋಡಿ. ಪೆಟ್ರೋಲ್‌ನಲ್ಲಿ 5.0 ಮಿಲಿಸೆಕೆಂಡ್ ಇದ್ದದ್ದು ಗ್ಯಾಸ್‌ನಲ್ಲಿ 5.6ಕ್ಕೆ ಏರಿದರೆ ಅಲ್ಲಿ ಗ್ಯಾಸ್ ಸಾಲುತ್ತಿಲ್ಲ, ಆ ಜಾಗದ ಗುಣಕ ಏರಿಸಬೇಕು. 4.5ಕ್ಕೆ ಇಳಿದರೆ ಗುಣಕ ಇಳಿಸಬೇಕು. ಐಡಲ್, ಹಗುರ ಲೋಡ್, ಏರು, ಈ ಮೂರೂ ಕಡೆ ವ್ಯತ್ಯಾಸ 0.2 ಮಿಲಿಸೆಕೆಂಡ್ ಒಳಗೆ ಬರುವ ತನಕ ತಿದ್ದುತ್ತೇನೆ. ಮಾರನೇ ದಿನ ತಣ್ಣಗಿನ ಎಂಜಿನ್‌ನಿಂದ ಶುರುಮಾಡಿ ಇನ್ನೊಮ್ಮೆ ಟ್ರಿಮ್ ನೋಡಿಯೇ ಕೀ ಕೊಡುತ್ತೇನೆ.