ಊಟ ಬೇಡ ಅನ್ನೋ ಪುಟಾಣಿಗೆ ಪಡ್ಡು ಮಾಡಿ ನೋಡಿ

ಎರಡು ವರ್ಷದ ಮಗು ಅನ್ನ ಕಂಡ್ರೆ ಬಾಯಿ ಬಿಗಿದುಕೊಳ್ಳುತ್ತಾ? ಹಾಗಾದ್ರೆ ಪಡ್ಡಿನ ಹೆಂಚು ಹೊರಗೆ ತೆಗೀರಿ. ದೋಸೆ ಹಿಟ್ಟು ಹೇಗೂ ಫ್ರಿಜ್‌ನಲ್ಲಿರುತ್ತೆ. ಅದಕ್ಕೆ ತುರಿದ ಕ್ಯಾರೆಟ್, ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಬೆಂದ ತೊಗರಿಬೇಳೆ ಎರಡು ಚಮಚ ಕಲಸಿ, ತುಪ್ಪ ಬಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ. ಹಿಟ್ಟು ನೀರಾದ್ರೆ ಸ್ವಲ್ಪ ಚಿರೋಟಿ ರವೆ ಸೇರಿಸಿ. ಒಳಗಿನ ಬಿಸಿ ಬೇಗ ಆರಲ್ಲ, ಮುರಿದೇ ಕೊಡಿ. ತಾನೇ ಕೈಯಲ್ಲಿ ಹಿಡಿದು ತಿನ್ನೋ ಖುಷಿಗೇ ಅರ್ಧ ಹಟ ಇಳಿಯುತ್ತೆ.

ಸಿಹಿ ಇಷ್ಟಪಡೋ ಮಗುವಾದ್ರೆ ರಾಗಿ ಹಿಟ್ಟು, ಕಿವುಚಿದ ಬಾಳೆಹಣ್ಣು, ಚಿಟಿಕೆ ಏಲಕ್ಕಿ ಸೇರಿಸಿ ಪುಟ್ಟ ದೋಸೆ ಹುಯ್ಯಿರಿ. ಬೆಲ್ಲ ಬೇಕಾಗಲ್ಲ.

ಆದ್ರೆ ತರಕಾರಿನ ಬರೀ ಬಚ್ಚಿಟ್ಟು ತಿನ್ನಿಸಿದ್ರೆ ಮಗುವಿಗೆ ಅದರ ಪರಿಚಯವೇ ಆಗಲ್ಲ. ಬೇಯಿಸಿದ ಬೀನ್ಸ್ ಒಂದು ಚೂರು ತಟ್ಟೆಯ ಅಂಚಿನಲ್ಲಿ ಇಟ್ಟು ಸುಮ್ಮನಿರಿ. ಹೊಸ ರುಚಿ ಒಪ್ಪೋಕೆ ಕೆಲವು ಮಕ್ಕಳಿಗೆ 10-15 ಸಲ ಬೇಕಾಗುತ್ತೆ.

ಇನ್ನು ಹಾಲು. ದಿನಕ್ಕೆ 500 ಮಿ.ಲೀ. ಮೀರಿದ್ರೆ ಹೊಟ್ಟೆ ಅದರಲ್ಲೇ ತುಂಬುತ್ತೆ, ಕಬ್ಬಿಣದ ಅಂಶವೂ ಕಮ್ಮಿಯಾಗಬಹುದು. (ಅಜ್ಜಿಯಂದಿರನ್ನ ಒಪ್ಪಿಸೋದು ನಿಮ್ಮ ಪಾಡು!) ಊಟಕ್ಕೆ ಮುಂಚೆ ಬಿಸ್ಕತ್ತೂ ಬೇಡ.

ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತೆ: ಬೀಜ ಹುರಿದು ಪುಡಿ ಮಾಡಿ, ದ್ರಾಕ್ಷಿ ಉದ್ದಕ್ಕೆ ಸೀಳಿ ಕೊಡಿ. ತೂಕ ಇಳೀತಿದ್ರೆ ಮಾತ್ರ ಈ ಪ್ರಯೋಗ ಬಿಟ್ಟು ಮಕ್ಕಳ ಡಾಕ್ಟರ್‌ಗೆ ತೋರಿಸಿ.