ಅಕಿಲೀಸ್ ಮತ್ತು ದೆಹಲಿ: ಒಂದು ಕ್ರೂಸರ್‌ನ ಸೇವಾಚರಿತ್ರೆಯನ್ನು ನಾನು ಬರೆದ ಬಗೆ

ಕಾರವಾರದಿಂದ ಹೋಗಿ ನೌಕಾಪಡೆ ಸೇರಿದ್ದ ನಮ್ಮ ದೊಡ್ಡಪ್ಪ ಐಎನ್ಎಸ್ ದೆಹಲಿಯ ಬಾಯ್ಲರ್ ಕೋಣೆಯಲ್ಲಿ ಕೆಲವು ವರ್ಷ ದುಡಿದವರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸಿಕ್ಕ ಹಡಗಿನ ಫೋಟೋ ಒಂದರ ಹಿಂದೆ ಯಾರೋ ‘ಅಕಿಲೀಸ್, 1939’ ಎಂದು ಬರೆದಿದ್ದರು. ಮಧ್ಯಮ ಗಾತ್ರದ ವೇಗದ ಯುದ್ಧನೌಕೆಯಾದ ಆ ಲಘು ಕ್ರೂಸರ್‌ನ ಸೇವಾಚರಿತ್ರೆಯನ್ನು ಕ್ರಮವಾಗಿ ಬರೆದಿಡಬೇಕೆಂದು ನನಗೆ ಅನ್ನಿಸಿದ್ದು ಆಗಲೇ.

ಬ್ರಿಟನ್ನಿನ ಬರ್ಕನ್‌ಹೆಡ್‌ನಲ್ಲಿ 1932ರಲ್ಲಿ ನೀರಿಗಿಳಿದ ಈ ಹಡಗು ಎರಡನೇ ಮಹಾಯುದ್ಧದ ಕಾಲದಲ್ಲಿ ಅಕಿಲೀಸ್ ಎಂಬ ಹೆಸರಿನಲ್ಲಿ ನ್ಯೂಜಿಲೆಂಡಿನದಾಗಿತ್ತು, 1948ರ ಜುಲೈ 5ರಂದು ಭಾರತದ್ದಾಗಿ ದೆಹಲಿ ಎಂಬ ಹೆಸರು ಪಡೆಯಿತು. ನ್ಯೂಜಿಲೆಂಡಿನವರ ಬರಹಗಳು 1946ಕ್ಕೆ ಮುಗಿಯುತ್ತವೆ, ನಮ್ಮವು 1948ಕ್ಕೆ ತೊಡಗುತ್ತವೆ. ಎರಡನ್ನೂ ಬೆಸೆಯಲು ನಾನು ನೋಟ್‌ಬುಕ್ಕಿನಲ್ಲಿ ದಿನಾಂಕ ಮತ್ತು ಸ್ಥಳದ ಪಕ್ಕದಲ್ಲಿ ‘ಹಡಗು ಆಗ ಹೇಗಿತ್ತು’ ಎಂಬ ಮೂರನೆಯ ಕಲಮನ್ನು ಎಳೆದುಕೊಂಡೆ. ಕೊನೆಗೆ ಕೈಹಿಡಿದದ್ದು ಅದೇ.

1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಕರಾವಳಿಯಾಚೆ ನಡೆದ ರಿವರ್ ಪ್ಲೇಟ್ ಕದನದಲ್ಲಿ ಬ್ರಿಟಿಷ್ ಹಡಗುಗಳಾದ ಅಜಾಕ್ಸ್ ಮತ್ತು ಎಕ್ಸೆಟರ್ ಜೊತೆಗೂಡಿ ಜರ್ಮನಿಯ ಯುದ್ಧನೌಕೆ ಗ್ರಾಫ್ ಸ್ಪೀಯನ್ನು ಎದುರಿಸಿದಾಗ ಅಕಿಲೀಸ್‌ನಲ್ಲಿ ನಾಲ್ವರು ಸತ್ತರು, ಕ್ಯಾಪ್ಟನ್ ಪ್ಯಾರಿ ಗಾಯಗೊಂಡರು. ಅದೇ ಪ್ಯಾರಿ 1948ರಲ್ಲಿ ಭಾರತೀಯ ನೌಕಾಪಡೆಯ ಮುಖ್ಯಸ್ಥರಾಗಿ ಬಂದರೆಂಬುದನ್ನು ಬರೆದುಕೊಂಡ ದಿನ ನನಗೆ ರೋಮಾಂಚನವಾಯಿತು. ತಾವು ಕಾದಾಡಿದ ಹಡಗನ್ನೇ ಅವರು ಇಲ್ಲಿ ಬೇರೆ ಹೆಸರಿನಲ್ಲಿ ಕಂಡಿದ್ದರು.

ಕದನದ ದಿನ ಹಡಗಿನಲ್ಲಿ ಫಿರಂಗಿಗಳನ್ನು ಹೊತ್ತು ತಿರುಗುವ ನಾಲ್ಕು ಗೋಪುರಗಳು, ಅಂದರೆ ಟರೆಟ್‌ಗಳಿದ್ದವು, ಒಂದೊಂದರಲ್ಲಿ ಎರಡು ಆರಿಂಚಿನ ಫಿರಂಗಿಗಳು. 1943ರ ಜನವರಿ 5ರಂದು ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ಬಳಿ ಜಪಾನೀ ವಿಮಾನದ ಬಾಂಬು ಹಿಂಬದಿಯ ಎರಡು ಟರೆಟ್‌ಗಳಲ್ಲಿ ಎತ್ತರದ್ದಕ್ಕೆ ಬಡಿದು 13 ಮಂದಿ ಸತ್ತರು. ಪೋರ್ಟ್ಸ್‌ಮತ್‌ನಲ್ಲಿ ದುರಸ್ತಿ ಮಾಡಿದವರು ಆ ಟರೆಟ್ಟನ್ನು ಮರಳಿ ಕೂರಿಸಲಿಲ್ಲ. ಅಲ್ಲಿಗೆ ವಿಮಾನನಿರೋಧಕ ತೋಪುಗಳು ಬಂದವು, ಹಳೆಯ ಕಂಬಗಳ ಜಾಗಕ್ಕೆ ಮೂರುಕಾಲಿನ ಕಂಬಗಳು ಬಂದವು.

ಭೂತಗನ್ನಡಿ ಹಿಡಿದು ದೊಡ್ಡಪ್ಪನ ಫೋಟೋವನ್ನು ನೋಡಿದೆ. ಮುಂದೆ ಎರಡು ಟರೆಟ್, ಹಿಂದೆ ಒಂದೇ, ಕಂಬಗಳಿಗೆ ಮೂರು ಕಾಲು. ಅದು 1939ರದ್ದಾಗಿರಲು ಸಾಧ್ಯವಿರಲಿಲ್ಲ. ಆ ಕದನದ ಬಗ್ಗೆ 1956ರಲ್ಲಿ ಬಂದ ಸಿನಿಮಾದಲ್ಲಿ ಐಎನ್ಎಸ್ ದೆಹಲಿಯೇ ಅಕಿಲೀಸ್ ಆಗಿ ಕಾಣಿಸಿಕೊಂಡದ್ದರಿಂದ ಇಂಥ ಗೊಂದಲ ಸಹಜ. ಆದ್ದರಿಂದ ಚಿತ್ರದ ಅಡಿಬರಹವನ್ನು ನಂಬುವ ಮೊದಲು ನಾನೀಗ ಟರೆಟ್ ಎಣಿಸುತ್ತೇನೆ.

ಪೋರ್ಚುಗೀಸರ ವಿರುದ್ಧದ 1961ರ ದೀವ್ ಕಾರ್ಯಾಚರಣೆಯನ್ನೂ ಕಂಡ ಹಡಗು 1978ರ ಜೂನ್ 30ರಂದು ಮುಂಬಯಿಯಲ್ಲಿ ಸೇವೆಯಿಂದ ಬಿಡುಗಡೆ ಹೊಂದಿತು. ಅದರ ಟರೆಟ್ ಒಂದು ಆಕ್ಲೆಂಡಿನ ಡೆವನ್‌ಪೋರ್ಟ್ ನೌಕಾನೆಲೆಯಲ್ಲಿದೆ. ಫೋಟೋದ ಹಿಂದಿನ ಹಳೆಯ ಬರಹವನ್ನು ನಾನು ಅಳಿಸಲಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ ‘1943ರ ದುರಸ್ತಿಯ ನಂತರ’ ಎಂದು ಸೇರಿಸಿದ್ದೇನೆ.