ಅಳಿಸಿಹೋದ ಕ್ಷೇತ್ರದ ಚರಿತ್ರೆ ಬರೆಯುವುದು ಹೇಗೆ: ಭರಮಸಾಗರದಿಂದ ಕಲಿತದ್ದು

ಚಿತ್ರದುರ್ಗ ಜಿಲ್ಲೆಯ ಭರಮಸಾಗರ ವಿಧಾನಸಭಾ ಕ್ಷೇತ್ರದ ಕೊನೆಯ ಚುನಾವಣೆ ನಡೆದದ್ದು 2004ರಲ್ಲಿ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದ ನನಗೆ ಆ ಹೋಬಳಿಯ ಒಂದು ಹಳ್ಳಿಯಲ್ಲಿ ಡ್ಯೂಟಿ ಬಿದ್ದಿತ್ತು. ಏಪ್ರಿಲ್ ಬಿಸಿಲು. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಮತದಾನ, ಎರಡು ಮಿಷನ್. ಅಜ್ಜಿಯೊಬ್ಬರು ಬೆರಳಿಗೆ ಶಾಯಿ ಹಾಕಿಸಿಕೊಂಡು, "ಸಾಗರದ್ದು ಯಾವುದು, ದಿಲ್ಲೀದು ಯಾವುದಪ್ಪ?" ಅಂದರು. ಅವರಿಗೆ ಆ ಕ್ಷೇತ್ರ ಅಂದರೆ ಸುಮ್ಮನೆ "ಸಾಗರ". ಮುಂದಿನ ಚುನಾವಣೆಗೆ ಆ ಹೆಸರೇ ಇರಲಿಲ್ಲ.

ನಿವೃತ್ತನಾದ ಮೇಲೆ ಅದರ ಚರಿತ್ರೆ ಬರೆಯಲು ಕೂತೆ. ನಿಮ್ಮೂರೂ ಇಂಥದೊಂದು ಕ್ಷೇತ್ರದಲ್ಲಿತ್ತು ಎಂದಾದರೆ, ನಾನು ನಡೆದ ದಾರಿ ನಿಮಗೂ ಉಪಯೋಗಕ್ಕೆ ಬಂದೀತು.

ಗೆದ್ದವರ ಪಟ್ಟಿಯಿಂದ ಶುರುಮಾಡಬೇಡಿ. ಮೊದಲು ನೆಲ ಗೊತ್ತುಮಾಡಿಕೊಳ್ಳಿ. ಜಮೀನು ಹಿಸ್ಸೆಯಾದ ಮೇಲೆ ಹಳೆಯ ಚಕ್ಕುಬಂದಿ (ನಾಲ್ಕೂ ಕಡೆಯ ಎಲ್ಲೆ) ನೋಡದೆ ಯಾರಾದರೂ ಅಳೆಯುತ್ತಾರೆಯೇ? ಕ್ಷೇತ್ರದ ಚಕ್ಕುಬಂದಿ ಇರುವುದು ಕ್ಷೇತ್ರ ಪುನರ್ವಿಂಗಡಣಾ ಆಯೋಗದ ಆದೇಶಗಳಲ್ಲಿ. 1971ರ ಜನಗಣತಿ ಆಧರಿಸಿ ಮಾಡಿದ ವಿಂಗಡಣೆ 1978ರಿಂದ 2004ರವರೆಗಿನ ಚುನಾವಣೆಗಳಿಗೆ ನಡೆಯಿತು. 2001ರ ಜನಗಣತಿ ಆಧರಿಸಿದ್ದು 2008ರಲ್ಲಿ ಜಾರಿಗೆ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು, ತಾಲ್ಲೂಕು, ಹೋಬಳಿ, ಹಳ್ಳಿ ಅಂತ ಬಿಡಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನನಗೆ ಇದಕ್ಕೇ ಮೂರು ವಾರ ಹಿಡಿಯಿತು, ಆದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿತು.

ಯಾಕೆಂದರೆ ಹೆಸರು ಉಳಿದ ಮಾತ್ರಕ್ಕೆ ಕ್ಷೇತ್ರ ಅದೇ ಅಲ್ಲ. 2008ರಲ್ಲಿ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರವಾಗಿದ್ದ ಭರಮಸಾಗರ ಹೋಯಿತು. ಅಲ್ಲಿಯವರೆಗೆ ಸಾಮಾನ್ಯವಾಗಿದ್ದ ಹೊಳಲ್ಕೆರೆಯೂ ದಾವಣಗೆರೆ ಕಡೆಯ ಮಾಯಕೊಂಡವೂ ಮೀಸಲಾದವು. ಮೀಸಲಾಗಿದ್ದ ಹಿರಿಯೂರು ಸಾಮಾನ್ಯವಾಯಿತು. ದಾವಣಗೆರೆ ಉತ್ತರ, ದಕ್ಷಿಣ ಅಂತ ಎರಡಾಯಿತು. ಭರಮಸಾಗರ, ಸಿರಿಗೆರೆ ಸೀಮೆ ಚಿತ್ರದುರ್ಗ ತಾಲ್ಲೂಕಿನಲ್ಲೇ ಉಳಿದು, ಮತಕ್ಕೆ ಮಾತ್ರ ಹೊಳಲ್ಕೆರೆಗೆ ಸೇರಿತು. ಹಾಗಾಗಿ 2004ರ ಹೊಳಲ್ಕೆರೆಯ ಅಂಕಿಯನ್ನು 2008ರದ್ದಕ್ಕೆ ಹೋಲಿಸಿ "ಇಷ್ಟು ಮತ ಏರಿತು" ಅಂತ ಬರೆದರೆ ಅದು ತಪ್ಪು ಲೆಕ್ಕ.

ಇನ್ನು ಫಲಿತಾಂಶ. ಚುನಾವಣಾ ಆಯೋಗ 1952ರಿಂದ ಪ್ರತಿ ಸಾರ್ವತ್ರಿಕ ಚುನಾವಣೆಗೂ ಅಂಕಿಅಂಶ ವರದಿ ತಂದಿದೆ, ಉಚಿತವಾಗಿ ಸಿಗುತ್ತದೆ. 1973ಕ್ಕೆ ಮುಂಚಿನದನ್ನು "ಮೈಸೂರು" ಹೆಸರಿನಲ್ಲಿ ಹುಡುಕಿ. ಇಂಗ್ಲಿಷ್ ಕಾಗುಣಿತ ವರದಿಯಿಂದ ವರದಿಗೆ ಬದಲಾಗಬಹುದು, ಅದಕ್ಕೇ ಜಿಲ್ಲೆಯ ಪುಟಗಳನ್ನು ಕಣ್ಣಾರೆ ಓದುವುದೇ ಮೇಲು. 1952ರಲ್ಲಿ ಮೈಸೂರಿನ 80 ಕ್ಷೇತ್ರಗಳಿಗೆ 99 ಸ್ಥಾನಗಳಿದ್ದವು. ಒಂದೇ ಕ್ಷೇತ್ರದಲ್ಲಿ ಇಬ್ಬರು ಗೆದ್ದದ್ದು ಕಂಡರೆ ಅಚ್ಚಿನ ತಪ್ಪಲ್ಲ, ದ್ವಿಸದಸ್ಯ ಕ್ಷೇತ್ರ. 1961ರ ಕಾಯ್ದೆ ಆ ಪದ್ಧತಿ ತೆಗೆಯಿತು. 1985ಕ್ಕಿಂತ 1989ರಲ್ಲಿ ಮತದಾರರು ಒಮ್ಮೆಲೇ ಏರಿದ್ದರೆ, ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಉಪಚುನಾವಣೆ ಈ ವರದಿಗಳಲ್ಲಿ ಬರುವುದಿಲ್ಲ. ನಮ್ಮ ಜಿಲ್ಲೆಯ ನಿಜಲಿಂಗಪ್ಪನವರನ್ನೇ ನೋಡಿ: 1962ರ ವರದಿಯಲ್ಲಿ ಅವರು ಹೊಸದುರ್ಗದಲ್ಲಿ ಸೋತವರು, ಅಷ್ಟೇ. ಅದೇ ವರ್ಷ ಬಾಗಲಕೋಟೆಯಿಂದ ಆರಿಸಿ ಬಂದು ಮತ್ತೆ ಮುಖ್ಯಮಂತ್ರಿಯಾದದ್ದು ಅಲ್ಲಿ ಕಾಣದು. ಅದಕ್ಕೆ ಆ ಕಾಲದ ಪ್ರಜಾವಾಣಿ, ಸಂಯುಕ್ತ ಕರ್ನಾಟಕ ತಿರುವಿಹಾಕಬೇಕು.

ಕಾಗದ ಯಾವ ಊರಿನಲ್ಲಿದೆ ಅನ್ನುವುದೂ ಮುಖ್ಯ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಹರಿಹರ, ಜಗಳೂರು, ದಾವಣಗೆರೆ ಚಿತ್ರದುರ್ಗಕ್ಕೂ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ, ಹರಪನಹಳ್ಳಿ ಬಳ್ಳಾರಿಗೂ ಸೇರಿದ್ದವು. ಮಾಯಕೊಂಡದ 1983ರ ಮಾತು ಬೇಕಿದ್ದರೆ ಚಿತ್ರದುರ್ಗದಲ್ಲೂ ವಿಚಾರಿಸಿ.

ಇದೆಲ್ಲ ಮುಗಿಸಿಕೊಂಡೇ ಹಿರಿಯರ ಹತ್ತಿರ ಹೋಗಿ. ಹೋದಾಗ ಇಸವಿ ಕೇಳಬೇಡಿ, ಗುರುತು ಕೇಳಿ. "ಆಗ ಯಾವ ಗುರುತಿಗೆ ಒತ್ತಿದ್ರಿ ಅಜ್ಜಾ?" ಅಂದರೆ ಸಾಕು, ಅರ್ಧ ಗಂಟೆ ಮಾತು ಹರಿಯುತ್ತದೆ. ಜೋಡೆತ್ತು ಅಂದರೆ ಕಾಂಗ್ರೆಸ್ 1969ರಲ್ಲಿ ಒಡೆಯುವುದಕ್ಕೆ ಮುಂಚೆ. ಒಡೆದಾಗ ಅಧ್ಯಕ್ಷರಾಗಿದ್ದವರು ನಿಜಲಿಂಗಪ್ಪನವರೇ, ಹಾಗಾಗಿ ಆ ಗಾಯ ನಮ್ಮ ಸೀಮೆಯ ಮನೆಮನೆಯಲ್ಲೂ ಆಯಿತು. ಹಸು-ಕರು ಅಂದರೆ ಅದರ ನಂತರ ಇಂದಿರಾ ಗಾಂಧಿಯವರ ಕಡೆ, ಕೈ ಅಂದರೆ 1978ರಿಂದ ಈಚೆ. ನೇಗಿಲು ಹೊತ್ತ ರೈತ ಜನತಾ ಪಕ್ಷ, ಚಕ್ರ ಜನತಾದಳ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದ ಹಿರಿಯರೊಬ್ಬರು ನನಗೆ "ತೆನೆ-ಕುಡುಗೋಲು" (ಅದು ಸಿಪಿಐ ಗುರುತು) ಅಂದ ಕೂಡಲೇ ಆ ಪಕ್ಷದಿಂದ ಶಾಸಕರಾಗಿದ್ದ ಕಾಮ್ರೇಡ್ ಪಂಪಾಪತಿಯವರ ಹೆಸರು ಹೇಳಿ ಕಣ್ಣೊರೆಸಿಕೊಂಡರು. ಅಂಥ ಮಾತನ್ನು ಅವರ ಭಾಷೆಯಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಇಸವಿಯನ್ನು ಮನೆಗೆ ಬಂದು ವರದಿಯ ಜೊತೆ ತಾಳೆ ಹಾಕಿ.

ಹಿರಿಯರು ಗೆದ್ದವರಷ್ಟೇ ಪ್ರೀತಿಯಿಂದ ಸೋತವರನ್ನೂ ನೆನೆಯುತ್ತಾರೆ. ಅವರಿಗೂ ಜಾಗ ಕೊಡಿ. ಮೀಸಲು ಕ್ಷೇತ್ರ ಅಂದರೆ ಏನಾಯಿತು ಎಂಬುದನ್ನು ಊರ ಗೌಡರ ಮನೆಯಲ್ಲಿ ಮಾತ್ರ ಕೇಳಿ ಬರಬೇಡಿ, ಕೇರಿಯಲ್ಲಿ ಕೂತು ಕೇಳಿ. ನನ್ನ ಬರಹದ ತಿರುಳು ನನಗೆ ಅಲ್ಲೇ ಸಿಕ್ಕಿತು: ತಮ್ಮವರೊಬ್ಬರು ಮತ ಕೇಳಲು ಗೌಡರ ಪಡಸಾಲೆ ಹತ್ತಿದ್ದನ್ನು ಮೊದಲ ಸಲ ಕಂಡ ದಿನವನ್ನು ಒಬ್ಬ ತಾಯಿ ವಿವರಿಸಿದರು.

ಕೊನೆಯ ಪುಟಗಳಲ್ಲಿ ಹಳ್ಳಿಗಳ ಪಟ್ಟಿ ಇರಲಿ. ಎಡಕ್ಕೆ ಹಳ್ಳಿ, ನಡುವೆ ಹಳೆಯ ಕ್ಷೇತ್ರ, ಬಲಕ್ಕೆ ಈಗಿನ ಕ್ಷೇತ್ರ ಮತ್ತು ಸಂಖ್ಯೆ. ನನ್ನ ಪಟ್ಟಿಯಲ್ಲಿ ಭರಮಸಾಗರದ ಮುಂದೆ "102, ಹೊಳಲ್ಕೆರೆ" ಎಂದಿದೆ. ಒಂದು ಪ್ರತಿಯನ್ನು ಪಂಚಾಯಿತಿ ಗ್ರಂಥಾಲಯಕ್ಕೆ, ಇನ್ನೊಂದನ್ನು ಊರಿನ ಹೈಸ್ಕೂಲಿಗೆ ಕೊಡಿ.